ತಡವಾಗಿ ತಿರುಗಿದ ಕಲ್ಲು

ಬೆಟಗೇರಿಯಲ್ಲಿ ಹಾಡು ರೆಕಾರ್ಡ್ ಮಾಡಬೇಕಾದರೆ ಕರೆಂಟು ಹೋಗುವುದನ್ನೇ ಕಾಯಬೇಕು. ಊರಿಗೆ ಊರೇ ಕರೆಂಟಿನವರಿಗೆ ಬೈಯುವ ಹೊತ್ತಿನಲ್ಲಿ ಮೌಲಾಲಿಯ ಸ್ಟುಡಿಯೋದಲ್ಲಿ ಮಾತ್ರ ಎಲ್ಲರ ಮುಖ ಅರಳುತ್ತಿತ್ತು. ಕೆಳಗಿನ ಓಣಿಯ ಪವರ್‌ಲೂಮ್ ಮಗ್ಗಗಳು ಒಮ್ಮೆಲೇ ಬಾಯಿ ಮುಚ್ಚುತ್ತಿದ್ದವು. ಹಾಡುವವರು ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಮೈಕಿನ ಮುಂದೆ ಓಡುತ್ತಿದ್ದರು. ಬ್ಯಾಟರಿ ಮುಗಿಯುವುದರೊಳಗೆ, ಕರೆಂಟು ಬರುವುದರೊಳಗೆ ಪದ ಮುಗಿಯಬೇಕು. ಇಂಥ ಗಡಿಬಿಡಿಯಲ್ಲಿ ತಾಳ ಎಲ್ಲಿ ಉಳಿಯಬೇಕು? ಒಬ್ಬನ ದನಿ ಮುಂದೆ, ಇನ್ನೊಬ್ಬನ ಡೋಲಕಿ ಹಿಂದೆ. ಆಮೇಲೆ ಕೂತು ಅದನ್ನೆಲ್ಲ ಸರಿಮಾಡುವವಳು ಮಹಾನಂದಾ. ಸ್ಟುಡಿಯೋದವರ ಬಾಯಲ್ಲಿ ನಂದಕ್ಕ.

ಅವಳು ಸರಿಮಾಡುವುದು ಸೀಕ್ವೆನ್ಸರ್ ಎಂಬ ಪೆಟ್ಟಿಗೆಯಲ್ಲಿ. ಅದರ ಪರದೆಯ ಮೇಲೆ ಹಾಡಿನ ಒಂದೊಂದು ಪೆಟ್ಟೂ ಒಂದೊಂದು ಚುಕ್ಕೆಯಾಗಿ ಕಾಣುತ್ತದೆ. ಉದ್ದಕ್ಕೂ ಗೆರೆ ಎಳೆದು ತಾಳದ ಮನೆಗಳನ್ನು ಗುರುತಿಸಿರುತ್ತದೆ. ತಡವಾಗಿ ಬಿದ್ದ ಪೆಟ್ಟು ಗೆರೆ ಬಿಟ್ಟು ಆಚೆ ನಿಂತಿರುತ್ತದೆ. 'ತಿದ್ದು' ಎಂಬ ಗುಂಡಿಯನ್ನು ಒತ್ತಿ ಹಿಡಿದು ಆ ಚುಕ್ಕೆಯನ್ನು ಮುಟ್ಟಿದರೆ ಸಾಕು, ಅದು ತಾನಾಗಿ ತಾನು ತಪ್ಪಿಸಿಕೊಂಡ ಮನೆಯ ಗೆರೆಗೆ ಹೋಗಿ ಕೂರುತ್ತದೆ; ಕೈಯಾರೆ ಎಳೆದು ಬೇರೆಡೆ ಬಿಟ್ಟರೆ ಅಲ್ಲಿಗೆ ಹತ್ತಿರದ ಗೆರೆಗೆ ಅಂಟಿಕೊಳ್ಳುತ್ತದೆ. ಮುಟ್ಟಬಾರದ್ದನ್ನು ಮುಟ್ಟಿದೆವೋ, 'ಹಿಂದಕ್ಕೆ' ಎಂಬ ಇನ್ನೊಂದು ಗುಂಡಿಯಿದೆ. ಅದನ್ನು ಒತ್ತಿದರೆ ಎಲ್ಲ ಮೊದಲಿದ್ದ ಹಾಗೆ ಆಗಬೇಕು, ನಂದಾಳಿಗೆ ಅದು ಬೇಕಾದದ್ದೇ ಇಲ್ಲ. ದಿನವಿಡೀ ಗುಂಡಿ ಒತ್ತಿ ಹಿಡಿದು ನಂದಾಳ ಹೆಬ್ಬೆರಳು ಬಾತುಕೊಂಡದ್ದನ್ನು ಕಂಡು ಮೌಲಾಲಿ ಒಂದು ದಿನ 'ತಿದ್ದು' ಗುಂಡಿಯನ್ನು ಕೆಳಗೆ ಅದುಮಿ, ಮೇಲೆ ಅಗಲವಾದ ಟೇಪು ಬಿಗಿದುಬಿಟ್ಟ.

"ನಮ್ಮ ಹಾಡುಗಾರ್ರು ತಾಳಕ್ಕ ಸರಿಯಾಗಿ ಹಾಡೂ ದಿನ ಬಂದಾಗ ಈ ಟೇಪು ಬಿಚ್ಚೂಣಂತ" ಎಂದ.

ಆ ದಿನ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಟೇಪಿನ ಅಂಚಿಗೆ ಧೂಳು ಮೆತ್ತಿ ಕಪ್ಪಾಯಿತು. ಅಲ್ಲೊಂದು ಗುಂಡಿ ಇದೆಯೆಂಬುದೇ ಬರಬರುತ್ತ ನಂದಾಳಿಗೆ ಮರೆತುಹೋಯಿತು.

ಈ ಪೆಟ್ಟಿಗೆ ಪೇಟೆಯಲ್ಲಿ ಕೊಂಡದ್ದಲ್ಲ. ಧಾರವಾಡದಲ್ಲಿ ಸ್ವಂತ ಲ್ಯಾಬು ಇಟ್ಟುಕೊಂಡಿದ್ದ ನಾಡಗೌಡ ಎಂಬ ವಿಜ್ಞಾನಿ ತಾನೇ ಕಟ್ಟಿ, ಬಳಸಿ ನೋಡಿರೆಂದು ಕೊಟ್ಟು ಹೋಗಿದ್ದ. ಒಳಗೊಂದು ಹರಳಿದೆಯೆಂದೂ, ಬೇರೆ ಯಂತ್ರಗಳು ದನಿಯ ನಕಲು ಇಟ್ಟುಕೊಂಡರೆ ಈ ಹರಳು ದನಿ ಬಡಿದ ಹೊಡೆತವನ್ನೇ ಹಿಡಿದಿಟ್ಟುಕೊಳ್ಳುತ್ತದೆಂದೂ ಹೇಳಿದ್ದ. ಎರಡಕ್ಕೂ ಏನು ಫರಕು ಎಂದು ಮೌಲಾಲಿ ಕೇಳಿದಾಗ, "ಅದನ್ನ ತಿಳಕೊಳ್ಳಾಕs ನಿಮಗ ಕೊಟ್ಟೀನಿ" ಎಂದು ನಕ್ಕಿದ್ದ.

ಫರಕು ಒಂದು ಸಲ ಕಣ್ಣಿಗೆ ಬಿದ್ದಿತ್ತು. ನಂದಾ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ, ಅಷ್ಟೆ. ಡೋಲಕಿ ಬಾರಿಸುವಾಗ ಮೌಲಾಲಿಯ ಹೆಗಲ ಮೇಲೆ ಹಲ್ಲಿ ಬಿದ್ದು ಅವನು ಒಂದು ಪೆಟ್ಟು ತಪ್ಪಿಸಿದ್ದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಮರುದಿನ ನಂದಾ ಆ ಪೆಟ್ಟನ್ನು ತಿದ್ದಿ, ಹಲ್ಲಿಯ ಮಾತು ತೆಗೆದರೆ, "ಯಾವ ಹಲ್ಲಿ?" ಎಂದು ಕೇಳಿದ. ನಾಟಕ ಮಾಡುತ್ತಾನೆಂದುಕೊಂಡು ಅವಳು 'ಹಿಂದಕ್ಕೆ' ಒತ್ತಿದಳು. 'ಹಿಂದೆ ಹೋಗಲು ಏನೂ ಇಲ್ಲ' ಎಂದು ಪರದೆ ಹೇಳಿತು. ಪೆಟ್ಟಿಗೆ ಕೆಟ್ಟಿದೆ, ನಾಡಗೌಡರಿಗೆ ಹೇಳಬೇಕು ಎಂದುಕೊಂಡವಳು ಕೆಲಸದ ಗದ್ದಲದಲ್ಲಿ ಮರೆತಳು.

ದೀಪಾವಳಿಗೆ ಮುಂಚೆ ಅವಳು ಆ ಪೆಟ್ಟಿಗೆಯನ್ನು ಮನೆಗೆ ಒಯ್ದಿದ್ದಳು. ಅವಳ ಅವ್ವ ಬಸಲಿಂಗವ್ವ ಮಗಳ ಮನೆಯಲ್ಲೇ ಇದ್ದಳು. ಗಿರಣಿ ಹಿಟ್ಟು ಸುಟ್ಟ ವಾಸನೆ ಹೊಡೆಯುತ್ತದೆಂದು ಹಟ ಹಿಡಿದು, ಓಣಿಯಲ್ಲಿ ಯಾರ ಮನೆಯಲ್ಲೂ ಉಳಿಯದ ಬೀಸುವ ಕಲ್ಲನ್ನು ಪಡಸಾಲೆಯಲ್ಲಿ ಇಟ್ಟುಕೊಂಡು ಬೀಸುತ್ತಿದ್ದಳು, ಬೀಸುತ್ತ ಹಾಡುತ್ತಿದ್ದಳು. ಕಲ್ಲು ತಿರುಗುವ ಗುರ್ ಸದ್ದನ್ನೇ ತಾಳವಾಗಿಟ್ಟು, ಮೇಲೆ ಡೋಲಕಿ ಕೂರಿಸಿ, ಮದುವೆ ಮೆರವಣಿಗೆಯ ಡಿಜೆಗೆ ಒಂದು ಪದ ಮಾಡಬೇಕೆಂಬುದು ನಂದಾಳ ಆಸೆ.

"ನಾ ಬೀಸಿದ್ದಕ್ಕ ಹುಡುಗೂರು ರಸ್ತೇದಾಗ ಕುಣೀತಾವಂತ? ಹುಚ್ಚು ಹಿಡದೈತಿ ನಿಮಗ" ಎಂದಳು ಅವ್ವ. ಒಳಗೊಳಗೇ ಖುಷಿಪಟ್ಟು ಅಂದು ಹೊಸ ಸೀರೆ ಉಟ್ಟಳು.

ನಂದಾ ಹೆಡ್‌ಫೋನ್ ಹಾಕಿಕೊಂಡು, ಕೇಳುವಾಗಿನ ತನ್ನ ರೂಢಿಯಂತೆ ಕಣ್ಣು ಮುಚ್ಚಿ ಕೂತಿದ್ದಳು. ಮೂರು ವರ್ಷದ ಮಗಳು ಅಕ್ಕು ತಾನು ಆಯಿ ಎಂದು ಕರೆಯುವ ಅಜ್ಜಿಯ ಪಕ್ಕದಲ್ಲಿ, ಕಲ್ಲಿನ ಹತ್ತಿರವೇ ಕೂತಿತ್ತು. ಬಸಲಿಂಗವ್ವ ಬಲಗೈಯಲ್ಲಿ ಗೂಟ ಹಿಡಿದು ಕಲ್ಲು ತಿರುಗಿಸುತ್ತ, ಎಡಗೈಯಲ್ಲಿ ಹಿಡಿ ಹಿಡಿ ಜೋಳವನ್ನು ಕಲ್ಲಿನ ಬಾಯಿಗೆ ಬಿಡುತ್ತ, ತವರಿನ ಹೊಲದ ಬಿಳಿಜೋಳದ ಮೇಲಿನ ಪದವೊಂದನ್ನು ಹಾಡಿದಳು. ದನಿ ಎಲ್ಲೂ ನಡುಗಲಿಲ್ಲ. ಮೂರನೆಯ ನುಡಿಯಲ್ಲಿ ಮಾತ್ರ ಕಲ್ಲು ನಿಂತಿತು. ಎಲ್ಲೋ ಒಂದು ಬಳೆ ಕಿಣಿ ಎಂದಿತು. ಆಮೇಲೆ ಕಲ್ಲು ತಡವಾಗಿ ಗುರ್ ಎಂದು ತಿರುಗಿ, ಪದ ಮುಂದುವರಿಯಿತು. ಕಲ್ಲು ಯಾಕೆ ನಿಲ್ಲಿಸಿದೆಯೆಂದು ಮಗಳು ಕೇಳಲಿಲ್ಲ, ಅವ್ವ ಹೇಳಲಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ಒಂದು ಮಧ್ಯಾಹ್ನ ನಂದಾ ಆ ಪದವನ್ನು ತಿದ್ದಲು ಕೂತಳು. ಅಷ್ಟರಲ್ಲಿ ಅದನ್ನು ಎಷ್ಟು ಸಲ ಕೇಳಿದ್ದಳೆಂದರೆ ಕಲ್ಲು ನಿಲ್ಲುವ ಜಾಗ ಬರುವ ಮೊದಲೇ ಅವಳ ಮುಖ ಕಿವುಚಿಕೊಳ್ಳುತ್ತಿತ್ತು. ಎಲ್ಲ ಮನೆಗಳಲ್ಲೂ ಚುಕ್ಕೆ ಅಚ್ಚುಕಟ್ಟಾಗಿ ಕೂತಿವೆ, ಇದೊಂದು ಮಾತ್ರ ಆಚೆ ಹೋಗಿ ನಿಂತಿದೆ. ಇಂಥ ಪದಕ್ಕೆ ಡಿಜೆಯಲ್ಲಿ ಕುಣಿಯುವವನು ಕಾಲು ಎತ್ತಿಕೊಂಡೇ ನಿಲ್ಲಬೇಕಾಗುತ್ತದೆ.

"ಯವ್ವಾ, ಇದೊಂದು ಕಡೆ ಕೆಡಿಸಿದಿ ನೋಡು" ಎಂದು ಗೊಣಗುತ್ತ ಆ ಚುಕ್ಕೆಯನ್ನು ಮುಟ್ಟಿದಳು. ಅದು ಸರಕ್ಕನೆ ತನ್ನ ಮನೆಯ ಗೆರೆ ಸೇರಿತು.

ಮೊದಲಿನಿಂದ ಕೇಳಿದಳು. ಕಲ್ಲು ತಿರುಗಿತು, ಅವ್ವನ ದನಿ ಏರಿತು, ಮೂರನೆಯ ನುಡಿ ಬಂತು. ಕಲ್ಲು ನಿಲ್ಲಲಿಲ್ಲ. ಗುರ್ ಎಂದು ಸರಿಯಾಗಿ ಮನೆಗೆ ಬಿತ್ತು. ಅದರ ಬೆನ್ನಿಗೇ ಒಂದು ಮಗು ಕಿಟಾರನೆ ಕಿರುಚಿತು. ಆಮೇಲೆ ಕಲ್ಲಿನ ಸದ್ದಿಲ್ಲ, ಪದವಿಲ್ಲ. "ಅಯ್ಯ ನನ್ನವ್ವಾ, ಕೈ... ಕೈ..." ಎಂದು ಅವ್ವ ಅರಚಿದ್ದು ಕೇಳಿಸಿತು. ಇನ್ನೊಂದು ಹೆಣ್ಣುದನಿ ಹುಚ್ಚು ಹಿಡಿದಂತೆ ಕೂಗುತ್ತಿತ್ತು. ಅದು ತನ್ನದೇ ದನಿಯೆಂದು ನಂದಾಳಿಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ರೆಕಾರ್ಡಿಂಗು ಅಲ್ಲಿಗೇ ನಿಂತಿತು.

ಯಾರೋ ಹಿಂದಿನಿಂದ ಬಂದು ಮೆಲ್ಲಗೆ ಅವಳ ಕಿವಿಯಿಂದ ಹೆಡ್‌ಫೋನ್ ತೆಗೆದರು. ಮೌಲಾಲಿ. ಅವನ ಮುಖದಲ್ಲಿ ಕನಿಕರವಿತ್ತು.

"ಮತ್ತ ಅದನ್ನs ಕೇಳಾಕತ್ತೀಯೇನು ನಂದಕ್ಕಾ? ದಿನಾ ಕೇಳಿ ಕೇಳಿ ಏನು ಸಿಗತೈತಿ? ಅಳಿಸಿಬಿಡು ಅಂದ್ರ ಕೇಳಂಗಿಲ್ಲ."

"ಏನು ಅಳಿಸಲಿ?" ಎಂದಳು. ಮೌಲಾಲಿ ಚಹಾ ತರುತ್ತೇನೆಂದು ಕೆಳಗಿಳಿದು ಹೋದ. ಅವಳು 'ಹಿಂದಕ್ಕೆ' ಗುಂಡಿ ಒತ್ತಿದಳು. 'ಹಿಂದೆ ಹೋಗಲು ಏನೂ ಇಲ್ಲ.' ಮತ್ತೆ ಒತ್ತಿದಳು. ಉಗುರು ನೋಯುವ ತನಕ ಒತ್ತಿದಳು. ಪರದೆ ಅದನ್ನೇ ಹೇಳಿತು. ಅವಳು ಚಪ್ಪಲಿ ಮೆಟ್ಟದೆ ಮೆಟ್ಟಿಲಿಳಿದು ಮನೆಗೆ ಓಡಿದಳು.

ಮನೆಯ ಅಂಗಳದಲ್ಲಿ ಬೀಸುವ ಕಲ್ಲು ಬೋರಲು ಬಿದ್ದಿತ್ತು. ಮಳೆಗೆ ಪಾಚಿಗಟ್ಟಿ ಬಿಸಿಲಿಗೆ ಒಣಗಿದ ಕಲೆ ಅದರ ಮೇಲಿತ್ತು. ಮುಂಜಾನೆ ತಾನು ಮನೆ ಬಿಡುವಾಗ ಅದು ಪಡಸಾಲೆಯಲ್ಲಿತ್ತು, ಅವ್ವ ಅದರ ಮುಂದೆ ಕೂತಿದ್ದಳು. ಒಳಗೆ ಅಕ್ಕು ನೆಲದ ಮೇಲೆ ಕೂತು ರೊಟ್ಟಿ ತಿನ್ನುತ್ತಿತ್ತು, ಎಡಗೈಯಲ್ಲಿ. ಬಲಗೈ ತೊಡೆಯ ಮೇಲಿತ್ತು. ತೋರುಬೆರಳೂ ನಡುಬೆರಳೂ ಇರಬೇಕಾದ ಕಡೆ ನುಣ್ಣಗೆ ಮಾಗಿದ ಎರಡು ಮೊಂಡುಗಳಿದ್ದವು. ಮಗು ತಾಯಿಯನ್ನು ಕಂಡು ನಕ್ಕಿತು. ಅದಕ್ಕೆ ನೋವಿರಲಿಲ್ಲ. ಅದರ ಪಾಲಿಗೆ ಅದು ಎಂದೋ ಆಗಿಹೋದ ಸಂಗತಿ. ಮನೆಯಲ್ಲಿ ಆ ಗಾಯ ಹಸಿಯಾಗಿದ್ದದ್ದು ನಂದಾಳೊಬ್ಬಳಿಗೆ ಮಾತ್ರ.

ಅವಳು ಬಾಗಿಲಲ್ಲೇ ಕೂತಳು. "ಯವ್ವಾ, ಏನಾತ ಇದು?" ಎಂದಳು.

ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ ಬಸಲಿಂಗವ್ವ ಬೆಚ್ಚಿ ತಿರುಗಿದಳು. ಅವಳು ಅರ್ಧ ಇಳಿದುಹೋಗಿದ್ದಳು.

"ನನ್ನ ಜೋಡಿ ಮಾತಾಡಿದಿ?" ಎಂದಳು ಅವ್ವ. "ದೀಪಾವಳಿಯಿಂದ ಯವ್ವಾ ಅಂತ ಕರದಿದ್ದಿಲ್ಲ ನೀ."

ಬೆಳಿಗ್ಗೆ ತಾನೇ ಈ ಅವ್ವನ ಕೈಯಿಂದ ಉಪ್ಪಿಟ್ಟು ತಿಂದು ಹೋಗಿದ್ದೇನೆ ಎಂದು ನಂದಾ ಹೇಳಬೇಕೆಂದುಕೊಂಡಳು. ಆ ಬೆಳಿಗ್ಗೆ ಈ ಮನೆಯಲ್ಲಿ ಆಗಿರಲೇ ಇಲ್ಲ ಎಂಬುದು ಅವಳಿಗೆ ಆಗಲೇ ಅರ್ಥವಾಗತೊಡಗಿತ್ತು. ಅರ್ಥವಾದಷ್ಟೂ ಹೆದರಿಕೆ ಹೆಚ್ಚಾಯಿತು.

"ಯಾಕ ಕಲ್ಲು ನಿಂದರಿಸಲಿಲ್ಲ?" ಎಂದಳು.

"ಆವಾಗೂ ಅದನ್ನs ಕೇಳಿದ್ದಿ. ತಪ್ಪು ನಂದs. ನೀ ಕಣ್ಣು ಮುಚ್ಚಿದ್ದಿ, ನಾ ತೆರದಿದ್ನಿ."

"ಬೈಯಾಕ ಕೇಳವಲ್ಲೆ. ಖರೇ ಹೇಳು. ಏನಾತು?"

ಬಸಲಿಂಗವ್ವ ಮಗಳ ಮುಖವನ್ನೇ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು:

"ನಾ ನೋಡಿದ್ನಿ ನಂದಾ. ನಾ ಜೋಳ ಹಾಕಿದಂಗ ತಾನೂ ಹಾಕಾಕ ಹುಡುಗಿ ಕಲ್ಲಿನ ಬಾಯಾಗ ಕೈ ಇಡೂದು ನೋಡಿದ್ನಿ. ಗೂಟ ಬಿಡಬೇಕಂತ ಮಾಡಿದ್ನಿ. ಕೈ ಬಿಡಲಿಲ್ಲ. ಯಾರೋ ಹಿಂದಿಂದ ನನ್ನ ಕೈ ಹಿಡದು ತಿರುಗಿಸಿದಂಗ ಆತು. ನಿಂದರು ಅಂತೀನಿ, ಕೈ ಕೇಳವಲ್ಲದು. ಇದನ್ನ ಯಾರ ಮುಂದ ಹೇಳಲಿ? ಮುದುಕಿ ನೆವಾ ಹೇಳತಾಳ ಅಂತಾರು."

ಹಿಂದಿನಿಂದ ಬಂದು ಆ ಕೈಯನ್ನು ಹಿಡಿದವರು ಯಾರೆಂದು ಜಗತ್ತಿನಲ್ಲಿ ನಂದಾಳೊಬ್ಬಳಿಗೇ ಗೊತ್ತಿತ್ತು. ತನ್ನ ಒಂದು ಬೆರಳು ಗಾಜಿನ ಮೇಲಿನ ಚುಕ್ಕೆ ಮುಟ್ಟಿತ್ತು. ಅದಕ್ಕೆ ಮಗಳ ಎರಡು ಬೆರಳು ಹೋಗಿದ್ದವು. ಸಾಲದೆಂಬಂತೆ, ತಾನೇ ಮಾಡಿದ ಪಾಪಕ್ಕೆ ತಾನೇ ಅವ್ವನನ್ನು ಮೂಲೆಗೆ ಕೂರಿಸಿ ಮಾತು ಬಿಟ್ಟಿದ್ದಳು. ಅವ್ವನ ಕಾಲು ಹಿಡಿದುಕೊಳ್ಳಬೇಕೆನಿಸಿತು. ಹಿಡಿದುಕೊಂಡು ಹೇಳುವುದೇನು? ಎದ್ದು ಮತ್ತೆ ಸ್ಟುಡಿಯೋಕ್ಕೆ ಓಡಿದಳು.

ದಾರಿಯಿಂದಲೇ ನಾಡಗೌಡರಿಗೆ ಫೋನು ಮಾಡಿದಳು. "ಸರ್, ಹಿಂದಕ್ಕೆ ಗುಂಡಿ ಯಾಕ ನಡೀವಲ್ಲದು?"

"ನೀವು ಏನರೆ ತಿದ್ದಿದ್ರ ನಡೀತದ. ತಿದ್ದಿಲ್ಲಂದ್ರ ಹೆಂಗ ನಡೀಬೇಕು?" ಎಂದ ನಾಡಗೌಡ.

ಅವಳು ಎಲ್ಲ ಹೇಳಿದಳು, ಹಲ್ಲಿಯ ಕಥೆಯನ್ನೂ ಸೇರಿಸಿ. ಆ ಕಡೆಯಿಂದ ಕುರ್ಚಿ ಎಳೆದ ಸದ್ದು ಕೇಳಿಸಿತು.

"ನನ್ನ ಲ್ಯಾಬಿನ್ಯಾಗ ಎರಡು ಗಡಿಯಾರ ಒಂದಕ್ಕೊಂದು ತಾಳೆ ಆಗೂದಿಲ್ಲ, ನಂದಾ ಅವರ. ಹರಳಿನ ಮ್ಯಾಲೆ ಏನರೆ ಸರಿಸಿದಾಗಷ್ಟ ತಪ್ಪತಾವ. ಉಪಕರಣದ ದೋಷ ಅಂದುಕೊಂಡು ಬಿಟ್ಟೆ" ಎಂದ. "ಹೊಡೆತದ ಒಂದು ತುದಿ ಹರಳಿನ್ಯಾಗ ಐತಿ, ಇನ್ನೊಂದು ತುದಿ ಅದು ಹುಟ್ಟಿದ ಗಳಿಗ್ಯಾಗ. ಇಲ್ಲಿ ಸರಿಸಿದ್ರ ಅಲ್ಲೂ ಸರೀತದ ಅಂತ ಕಾಣಸ್ತದ. ಸರಿದ ಮ್ಯಾಲೆ ಅದು ತಿದ್ದಿದ್ದಲ್ಲ, ಅದs ನಡೆದದ್ದು. ಈ ಪೆಟ್ಟಿಗಿ ಈಗ ಯಾವ ಜಗತ್ತಿನ್ಯಾಗ ಐತಿ, ಅಲ್ಲಿ ಯಾರೂ ಏನೂ ತಿದ್ದೇ ಇಲ್ಲ. ಹಿಂದಕ್ಕ ಎಲ್ಲಿಗೆ ಹೋಗಬೇಕು ಅದು?"

"ನನಗಷ್ಟ ಹ್ಯಾಂಗ ನೆನಪೈತಿ?"

"ಮುಟ್ಟಿದವರು ನೀವು, ಬಹುಶಃ ಅದಕ್ಕ. ಖಾತ್ರಿ ಹೇಳಲಾರೆ."

"ಆ ಚುಕ್ಕಿ ನಾನs ಮತ್ತ ತಡಾ ಮಾಡಿ ಇಟ್ಟರ?"

"ಕಲ್ಲು ಯಾವಾಗ ತಿರುಗಬೇಕು ಅಂತ ಅಷ್ಟ ನೀವು ಹೇಳಬಹುದು. ಆಗ ಅಲ್ಲಿ ಯಾರ ಕೈ ಎಲ್ಲಿ ಇರತದ ಅನ್ನೂದು ನಿಮಗ ಕಾಣೂದಿಲ್ಲ. ಕೈ ಮುಗೀತೀನಿ, ಮುಟ್ಟಬ್ಯಾಡ್ರಿ. ನಾ ಈಗs ಹೊರಟೆ, ಬಂದು ಇಬ್ಬರೂ ಕೂಡಿ ನೋಡೋಣ."

ಅವನು ಧಾರವಾಡದಿಂದ ಬೆಟಗೇರಿಗೆ ಬರುವವರೆಗೆ ಕಾಯುವುದು ಅವಳಿಗೆ ಸಾಧ್ಯವಿತ್ತು. ರೆಕಾರ್ಡಿಂಗು ಎಲ್ಲಿಗೂ ಓಡಿಹೋಗುತ್ತಿರಲಿಲ್ಲ. ಆದರೆ ಮೂಲೆಯಲ್ಲಿ ಕೂತ ಅವ್ವನ ಮುಖ ಕಣ್ಣಿಗೆ ಕಟ್ಟಿತ್ತು. ಅವಳು ಕಾಯಲಿಲ್ಲ.

ಪೆಟ್ಟಿಗೆಯ ಮುಂದೆ ಕೂತು ಕಣ್ಣು ಮುಚ್ಚಿದಳು. ಬೈದು ಬೈದು ಕೇಳಿದ್ದ ಆ ನಿಲುಗಡೆ ಅವಳಿಗೆ ಬಾಯಿಪಾಠವಾಗಿತ್ತು. ಕಲ್ಲು ನಿಲ್ಲುವುದು, ಬಳೆ ಕಿಣಿ ಎನ್ನುವುದು, ಇನ್ನೊಂದು ಚೂರು, ಆಮೇಲೆ ಗುರ್. ತೊಡೆ ತಟ್ಟಿಕೊಂಡು ಮತ್ತೆ ಮತ್ತೆ ಅಂದುಕೊಂಡಳು. ಜೀವಮಾನವಿಡೀ ತಡವಾದದ್ದನ್ನು ಮುಂದಕ್ಕೆ ಎಳೆದವಳು ಈಗ ಸರಿಯಾಗಿ ಕೂತ ಚುಕ್ಕೆಯ ಮೇಲೆ ಬೆರಳಿಟ್ಟು ಅದನ್ನು ಹಿಂದೆ ಹಿಂದೆ ಸರಿಸಿದಳು. ಮೊದಲು ಅದು ನಿಂತಿದ್ದ ಜಾಗಕ್ಕೇ ತಂದಳು. ಎರಡು ಗೆರೆಗಳ ನಡುವಿನ ಜಾಗ ಅದು. ಇದೇ, ಇಲ್ಲೇ ಎಂದು ಅವಳ ಕಿವಿ ಹೇಳಿತು. ಬೆರಳೆತ್ತಿದಳು. ಕಣ್ಣಲ್ಲಿ ನೀರು ತುಂಬಿ ಪರದೆ ಮಂಜಾಗಿತ್ತು.

ಹೆಡ್‌ಫೋನಿನಲ್ಲಿ ಮೂರನೆಯ ನುಡಿ ಬಂತು. ಕಲ್ಲು ನಿಂತಿತು. ಬಳೆ ಕಿಣಿ ಎಂದಿತು. ಮಗು ಕಿರುಚಲಿಲ್ಲ. ಅಷ್ಟು ಕೇಳಿದ್ದೇ ತಡ, ಹೆಡ್‌ಫೋನು ಕಿತ್ತೊಗೆದು ಎದ್ದಳು. ಕೆಳಗೆ ಮೌಲಾಲಿ, "ಎಲ್ಲಿಗೆ ನಂದಕ್ಕಾ? ಕೆಲಸ ಮುಗೀತೇನು?" ಎಂದು ಎಂದಿನ ನಗೆಯಲ್ಲಿ ಕೇಳಿದ. ಅವನ ಮುಖದಲ್ಲಿ ಕನಿಕರವಿರಲಿಲ್ಲ. ಅವಳಿಗೆ ಆ ನಗೆಯನ್ನು ಕಂಡೇ ಅಳು ಬಂತು.

ಅಂಗಳದಲ್ಲಿ ಕಲ್ಲಿರಲಿಲ್ಲ. ಅದು ಪಡಸಾಲೆಯಲ್ಲಿ ತನ್ನ ಜಾಗದಲ್ಲಿತ್ತು, ಮೇಲೊಂದು ಗೋಣಿಚೀಲ ಹೊದ್ದುಕೊಂಡಿತ್ತು. ಅಕ್ಕು ಓಡಿಬಂದು ಕಾಲಿಗೆ ತೆಕ್ಕೆ ಬಿತ್ತು. ನಂದಾ ಆ ಕೈ ಹಿಡಿದು ಒಂದೊಂದೇ ಬೆರಳು ಬಿಡಿಸಿ ಮುಟ್ಟಿ ನೋಡಿದಳು. ಐದೂ ಇದ್ದವು. ಹಿಟ್ಟು ಮೆತ್ತಿ, ಉಗುರಲ್ಲಿ ಮಣ್ಣು ತುಂಬಿ, ಐದೂ ಇದ್ದವು. ಅವುಗಳಿಗೆ ಮುತ್ತು ಕೊಡುತ್ತಲೇ, "ಯವ್ವಾ" ಎಂದು ಕೂಗಿದಳು.

"ಬಂದಿ? ಕೈಕಾಲು ತೊಳಕೋ, ರೊಟ್ಟಿ ಬಿಸಿ ಅದಾವ" ಎಂದು ಅವ್ವ ಒಳಗಿನಿಂದ ಅಂದಳು. ದನಿಯಲ್ಲಿ ಹಳೆಯ ಸಲಿಗೆಯಿತ್ತು. ನಂದಾ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದಳು.

ಬಸಲಿಂಗವ್ವ ಬಲಗೈ ಒಂದರಿಂದಲೇ ರೊಟ್ಟಿ ಬಡಿಯುತ್ತಿದ್ದಳು. ಎಡಗೈ ಹಿಟ್ಟು ನಾದುವ ಕೊಣಮಿಗೆಯ ಅಂಚಿಗೆ ಆತುಕೊಂಡಿತ್ತು. ಅದರಲ್ಲಿ ಹೆಬ್ಬೆರಳು, ಕಿರುಬೆರಳು, ಅದರ ಪಕ್ಕದ್ದು ಇದ್ದವು. ನಡುವೆ ಎರಡು ಮಾಗಿದ ಮೊಂಡುಗಳು.

ನಂದಾ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಹಂಗ್ಯಾಕ ನೋಡತೀ? ಹೊಸದಾಗಿ ನೋಡಿದಂಗ" ಎಂದಳು ಅವ್ವ.

"ಹೊಸದಾಗೇ ನೋಡಾಕತ್ತೀನಿ. ಆವತ್ತು ಏನಾತು, ಇನ್ನೊಮ್ಮೆ ಹೇಳು."

"ಎಲ್ಲಾ ಗೊತ್ತಿದ್ದದ್ದು. ಹುಡುಗಿ ಕಲ್ಲಿನ ಬಾಯಾಗ ಕೈ ಇಟ್ಟಳು, ನಾ ಕಲ್ಲು ನಿಂದರಿಸಿ ಆಕಿ ಕೈ ತಗದ್ನಿ. ಆಕಿ ಬಳಿ ಒಳಗ ಬಿದ್ದಿತ್ತು. ಎಡಗೈ ಬೆರಳು ಹಾಕಿ ಬಳಿ ಹೊರಗ ಚಿಮ್ಮಿಸಿದ್ನಿ. ಬೆರಳು ಹೊರಗ ತಗೀಬೇಕು ಅನ್ನೂದ್ರಾಗ ಬಲಗೈ ತಂತಾನs ತಿರುಗಿಬಿಡ್ತು. ಒಂದು ಚೂರು ನಿಂತಿದ್ರ ಆಗತಿತ್ತು."

ಒಂದು ಚೂರು. ನಂದಾಳ ಕಣ್ಣ ಮುಂದೆ ಕಪ್ಪು ಅಂಚಿನ ಆ ಟೇಪು ಬಂತು. ಅವಳು ಚುಕ್ಕೆಯನ್ನು ಸರಿಯಾದ ಜಾಗಕ್ಕೇ ಒಯ್ದಿದ್ದಳು, ಅದರಲ್ಲಿ ತಪ್ಪಿರಲಿಲ್ಲ. ಬೆರಳೆತ್ತಿದ ಕೂಡಲೇ, ಟೇಪಿನ ಕೆಳಗೆ ಒತ್ತಿಕೊಂಡೇ ಇದ್ದ ಆ ಗುಂಡಿ, ತನ್ನ ಕೆಲಸವನ್ನು ತಾನು ಮಾಡಿತ್ತು. ಎರಡು ಗೆರೆಗಳ ನಡುವೆ ನಿಲ್ಲಬೇಕಾದ ಚುಕ್ಕೆಯನ್ನು ಒಂದು ಚೂರು ಮುಂಚಿನ ಗೆರೆಗೆ ಎಳೆದು ಕೂರಿಸಿತ್ತು. ಹತ್ತಿರದ ಮನೆ ಅದೇ ಆಗಿತ್ತು.

ಅವಳು ನೆಲದ ಮೇಲೆ ಕೂತು ಎಲ್ಲವನ್ನೂ ಅವ್ವನಿಗೆ ಹೇಳಿದಳು. ಪೆಟ್ಟಿಗೆ, ಚುಕ್ಕೆ, ಅಕ್ಕುವಿನ ಕೈ, ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ ಇನ್ನೊಬ್ಬ ಬಸಲಿಂಗವ್ವ. ಬೇರೆ ಯಾರಾದರೂ ಆಗಿದ್ದರೆ ಮಗಳ ಹಣೆ ಮುಟ್ಟಿ ಜ್ವರ ನೋಡುತ್ತಿದ್ದರು. ಬಸಲಿಂಗವ್ವ ನಂಬಿದಳು. ತನ್ನ ಕೈ ತನ್ನ ಮಾತು ಕೇಳದೆ ತಿರುಗಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಒಲೆಯ ಮೇಲಿನ ರೊಟ್ಟಿ ಕಪ್ಪಾಗಿ ಹೊಗೆಯಾಡಿತು, ಇಬ್ಬರೂ ನೋಡಲಿಲ್ಲ.

"ಅಂದ್ರ ನೀ ಆಗಿದ್ದಿ" ಎಂದಳು ಅವ್ವ.

"ನಾನs. ಎರಡೂ ಸಲ ನಾನs. ಈಗ ಟೇಪು ಕಿತ್ತೊಗದು ಬರತೀನಿ. ಎಲ್ಲಿ ಇಡಬೇಕಂತ ನನಗ ಗೊತ್ತೈತಿ, ಒಂದು ಚೂರಿನ ಮಾತು." ನಂದಾ ಎದ್ದಳು.

ಬಸಲಿಂಗವ್ವ ಅವಳ ಮುಂಗೈ ಹಿಡಿದಳು. ಮೂರೇ ಬೆರಳಿನ ಹಿಡಿತವಾದರೂ ಬಿಗಿಯಾಗಿತ್ತು.

"ಮೊದಲನೇ ಸಲಾನೂ ನಿನಗ ಗೊತ್ತಿತ್ತು. ಎರಡನೇ ಸಲಾನೂ ಗೊತ್ತಿತ್ತು. ಈ ಸಲ ಯಾರ ಕೈ ಹೋಗತೈತಿ, ಅದನ್ನ ಹೇಳಿ ಹೋಗು."

ನಂದಾ ಮತ್ತೆ ನೆಲದ ಮೇಲೆ ಕೂತಳು. ಹೊರಗೆ ಕರೆಂಟು ಬಂತು. ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ಬಡಿಯತೊಡಗಿದವು.

ಸಂಜೆಯವರೆಗೆ ಕಾದರೂ ನಾಡಗೌಡ ಬರಲಿಲ್ಲ. ಯಾಕೆಂದು ಅವಳಿಗೆ ತಡವಾಗಿ ಹೊಳೆಯಿತು. ತಾನು ಅವನಿಗೆ ಫೋನು ಮಾಡಿದ್ದು ಇನ್ನೊಂದು ಮಧ್ಯಾಹ್ನದಲ್ಲಿ. ಈ ಮಧ್ಯಾಹ್ನ ಧಾರವಾಡದಿಂದ ಯಾರೂ ಹೊರಟೇ ಇರಲಿಲ್ಲ. ಮತ್ತೆ ಫೋನು ಮಾಡಿ, ಮತ್ತೆ ಎಲ್ಲ ಹೇಳಿದಳು. ಮರುದಿನ ಬಂದವನು ಬಸಲಿಂಗವ್ವನ ಕೈಯನ್ನು ಕಂಡು, ಕೂತುಕೊಳ್ಳಲೂ ಮರೆತು ನಿಂತೇ ಇದ್ದ. ಪೆಟ್ಟಿಗೆಯ ಬ್ಯಾಟರಿಯನ್ನು ಅವನೇ ಬಿಚ್ಚಿದ. ಹರಳನ್ನು ಒಡೆದರೆ ಏನಾಗುತ್ತದೋ ತನಗೂ ತಿಳಿಯದು, ಹಾಗೇ ಬೀಗ ಹಾಕಿ ಇಡುತ್ತೇನೆಂದ. ಅವನು ಅದನ್ನು ಒಯ್ಯುವ ಮುಂಚೆ ನಂದಾ ಉಗುರಿನಿಂದ ಆ ಟೇಪನ್ನು ಕೆರೆದು ಕಿತ್ತಳು. ಟಪ್ ಎಂದು ಗುಂಡಿ ಮೇಲೆದ್ದಿತು.

ಕಲ್ಲಿನ ಮೇಲಿದ್ದ ಗೋಣಿಚೀಲವನ್ನು ಬಸಲಿಂಗವ್ವ ಆ ವಾರವೇ ತೆಗೆದಳು. ಈಗ ಗೂಟ ಹಿಡಿಯುವವಳು ನಂದಾ. ಅವ್ವ ಎದುರಿಗೆ ಕೂತು ಮೂರು ಬೆರಳಿನಲ್ಲಿ ಜೋಳ ಹಾಕುತ್ತಾಳೆ. ಅರ್ಧ ಬಾಯಿಗೆ ಬೀಳುತ್ತದೆ, ಅರ್ಧ ಸುತ್ತ ಚೆಲ್ಲುತ್ತದೆ. ಚೆಲ್ಲಿದ್ದನ್ನು ಅವಳು ಒಟ್ಟುಮಾಡುವ ತನಕ ನಂದಾ ಕಲ್ಲು ನಿಲ್ಲಿಸಿ ಕಾಯುತ್ತಾಳೆ. ಅಷ್ಟು ಹೊತ್ತೂ ಪದ ನಿಂತಿರುತ್ತದೆ. ನಂದಾ ಕಣ್ಣು ಮುಚ್ಚುವುದಿಲ್ಲ.

ಒಂದು ದಿನ, ದೂರ ಹೊಸ್ತಿಲ ಮೇಲೆ ಕೂರಿಸಿದ್ದ ಅಕ್ಕು ಎಣಿಸುವುದನ್ನು ಹೊಸದಾಗಿ ಕಲಿತಿತ್ತು. ತನ್ನ ಬೆರಳು ಎಣಿಸಿ ಐದೆಂದಿತು. ಕಲ್ಲು ನಿಂತಾಗ ಓಡಿಬಂದು ಆಯಿಯ ಕೈ ಎಳೆದುಕೊಂಡು ಎಣಿಸಿ, ಮೂರಕ್ಕೇ ಮುಗಿದದ್ದು ನಂಬಿಕೆಯಾಗದೆ ಮತ್ತೊಮ್ಮೆ ಎಣಿಸಿತು.

"ಆಯೀ, ನಿನ್ನ ಇನ್ನೆರಡು ಎಲ್ಲೆ?"

"ನಿನ್ನ ಕೈಯಾಗ ಅದಾವಲ್ಲ" ಎಂದಳು ಬಸಲಿಂಗವ್ವ.

ಅಕ್ಕು ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಿತು. ನಂದಾ ಗೂಟ ಬಿಟ್ಟು ಮುಖಕ್ಕೆ ಸೆರಗು ಒತ್ತಿಕೊಂಡಳು. ಅವಳ ಅಳು ಮುಗಿಯುವ ತನಕ ಅವ್ವ ಮುಂದಿನ ನುಡಿ ಎತ್ತದೆ ಕಾದಳು.